ಹನ್ನೆರಡನೇ ಸಲ ಬರೆಯಬೇಡಿ

ಮೈಸೂರು ಕಡೆಯ ಓದುಗಿಯೊಬ್ಬರ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಸರದಿಯಲ್ಲಿ ಇದಕ್ಕಿಂತ ಮುಂಚೆ ಬಂದ ಪತ್ರಗಳಿದ್ದವು. ಅವರೆಲ್ಲ ಕ್ಷಮಿಸಬೇಕು, ಮುಂದಿನ ವಾರ ನೋಡೋಣ.

ವಿಷಯ ಇಷ್ಟು. ವಯಸ್ಸು 28, ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಹೋಗಿ, ಚಿಕ್ಕಮ್ಮನ ಮನೆಯಲ್ಲಿ ಅವರ ನಾಲ್ಕು ಮಕ್ಕಳ ಜೊತೆ ಐದನೆಯವಳಾಗಿ ಬೆಳೆದವರು. ತಮ್ಮ ಚರ್ಚ್‌ನ ಹುಡುಗನ ಜೊತೆಗೇ ನಿಶ್ಚಿತಾರ್ಥ ಆಗಿದೆ. ಹುಡುಗ ಕ್ವಾಯರ್‌ನಲ್ಲಿ ಹಾಡುತ್ತಾನೆ, ಸಂಡೇ ಸ್ಕೂಲ್‌ನಲ್ಲಿ ಪಾಠ ಮಾಡುತ್ತಾನೆ, ಕುಡಿಯುವುದಿಲ್ಲ. ಆದರೆ ಜಗಳ ಜಾಸ್ತಿ. ನೈಟ್ ಡ್ಯೂಟಿಯಲ್ಲಿ ಫೋನ್ ಎತ್ತದಿದ್ದರೆ ಜಗಳ, ಗೆಳತಿಯರ ಜೊತೆ ಸಿನಿಮಾಕ್ಕೆ ಹೋದರೆ ಜಗಳ. "ಹೆಂಡತಿ ಅಧೀನಳಾಗಿರಬೇಕು ಅಂತ ಪೌಲನೇ ಬರೆದಿದ್ದಾನೆ" ಅನ್ನುತ್ತಾನಂತೆ, ಬೈಬಲ್‌ನ ಪತ್ರಗಳನ್ನು ಬರೆದ ಪೌಲ. "ನಾನು ಅವರಿಗೆ ತಕ್ಕವಳಲ್ಲ ಅನಿಸುತ್ತೆ. ತಕ್ಕವಳಾಗೋಕೆ ಯಾವ ವಾಕ್ಯ ಓದಲಿ?" ಇದು ಪ್ರಶ್ನೆ.

ಎರಡನೇ ಪುಟದ ಕೊನೆಯಲ್ಲಿ, ಜಾಗ ಉಳಿಯಿತು ಅಂತ ಸೇರಿಸಿದ ಹಾಗೆ, ಇನ್ನೊಂದು ಮಾತಿದೆ. ಪ್ರತಿ ಜಗಳ ಆದಮೇಲೆ ಇವರು ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 13ನೇ ಅಧ್ಯಾಯವನ್ನು, ಅಂದರೆ ಪ್ರೀತಿಯ ಅಧ್ಯಾಯವನ್ನು, ಕೈಯಲ್ಲಿ ಬರೆದು, ಫೋಟೊ ತೆಗೆದು, ವಾಟ್ಸಾಪ್‌ನಲ್ಲಿ ಅವನಿಗೆ ಕಳಿಸಬೇಕು. ಹಾಳೆಯ ಮೇಲ್ಗಡೆ ತಾರೀಕು ಮತ್ತು ಎಷ್ಟನೇ ಸಲ ಅನ್ನುವ ನಂಬರು. "ಇದುವರೆಗೆ 11 ಸಲ ಬರೆದಿದ್ದೇನೆ. ಅದೇನೂ ಕಷ್ಟ ಇಲ್ಲ, ದೇವರ ವಾಕ್ಯ ತಾನೆ."

ಅಲ್ಲಿಗೆ ನಾನು ಪತ್ರ ಕೆಳಗಿಟ್ಟು ಎದ್ದು ಹೋಗಿ ಕಾಫಿ ಮಾಡಿಕೊಂಡೆ.

ಶಾಲೆಯಲ್ಲಿ ಇದಕ್ಕೆ ಇಂಪೊಸಿಷನ್ ಅಂತಿದ್ದರು. ಹೋಂವರ್ಕ್ ಮಾಡದ ಐದನೇ ಕ್ಲಾಸಿನ ಮಕ್ಕಳಿಗೆ ಕೊಡುವ ಶಿಕ್ಷೆ. ರಾತ್ರಿಯಿಡೀ ರೋಗಿಗಳ ಉಸಿರು ಕಾಯುವ ಹೆಂಗಸು, ಬೆಳಗ್ಗೆ ರೂಮಿಗೆ ಬಂದು, ನಿದ್ದೆಗಣ್ಣಿನಲ್ಲಿ ಇಂಪೊಸಿಷನ್ ಬರೆಯುತ್ತಾಳೆ. ಆ ಅಧ್ಯಾಯದಲ್ಲಿ 13 ವಾಕ್ಯಗಳಿವೆ. ಹನ್ನೊಂದು ಸಲ ಅಂದರೆ 143.

ಆ 13ರಲ್ಲಿ ಐದನೆಯದು ನಿಮ್ಮ ಕೈಯಿಂದಲೇ ಹನ್ನೊಂದು ಸಲ ಹಾದುಹೋಗಿದೆ. ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಅನ್ನುತ್ತದೆ ಅದು. ಅಲ್ಲಿ ಪೌಲ ಬಳಸಿದ ಗ್ರೀಕ್ ಪದ ಲೆಕ್ಕದ ಪುಸ್ತಕದ್ದು. ಯಾರು ಎಷ್ಟು ಬಾಕಿ ಅಂತ ಬರೆದಿಡುವುದು, ಅಂಗಡಿಯ ಖಾತೆ ಇದ್ದ ಹಾಗೆ. ಈಗ ಅವನ ಫೋನ್ ನೆನಪು ಮಾಡಿಕೊಳ್ಳಿ. ತಾರೀಕು ಹಾಕಿ, ನಂಬರು ಹಾಕಿ, ಸಾಲಾಗಿ ಹನ್ನೊಂದು ಫೋಟೊ. ತಪ್ಪಿನ ಲೆಕ್ಕ ಇಡಬೇಡಿ ಅನ್ನುವ ಅಧ್ಯಾಯವನ್ನೇ ಅವನು ಲೆಕ್ಕದ ಪುಸ್ತಕ ಮಾಡಿಕೊಂಡಿದ್ದಾನೆ. ಸಂಡೇ ಸ್ಕೂಲ್ ಮೇಷ್ಟ್ರಿಗೆ ಇದು ಕಾಣಲಿಲ್ಲ ಅಲ್ವಾ!

ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು. ಯಾರೇ ಒಂದು ವಾಕ್ಯ ತಂದು ಮುಖಕ್ಕೆ ಹಿಡಿದರೂ, ಅದರ ಮೇಲಿನದೊಂದು, ಕೆಳಗಿನದೊಂದು ಓದಿ. ಹೆಂಡತಿಯರೇ ಅಧೀನರಾಗಿರಿ ಅನ್ನುವುದು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ, 22ನೇ ವಾಕ್ಯ. ಅದರ ಮೇಲಿನ 21ರಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಅಂತ ಇದೆ. ತಮಾಷೆ ಏನೆಂದರೆ, ತುಂಬ ಹಳೆಯ ಗ್ರೀಕ್ ಪ್ರತಿಗಳಲ್ಲಿ 22ಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. 21ರ ಕ್ರಿಯಾಪದವನ್ನೇ ಕಡ ತಂದುಕೊಂಡಿದೆ. ಮೇಲಿನ ವಾಕ್ಯ ಬಿಟ್ಟರೆ ಕೆಳಗಿನದು ಪೂರ್ತಿಯೇ ಆಗುವುದಿಲ್ಲ! ಇನ್ನು ಕೆಳಗೆ ನೋಡಿ. ಹೆಂಡತಿಗೆ ಹೇಳಿದ್ದು 24ಕ್ಕೆ ಮುಗಿಯಿತು. 25ರಿಂದ ಅಧ್ಯಾಯದ ಕೊನೆಯವರೆಗೆ ಹೆಚ್ಚುಕಡಿಮೆ ಎಲ್ಲವೂ ಗಂಡನ ಪಾಠ. ಕ್ರಿಸ್ತನು ಸಭೆಗಾಗಿ, ಅಂದರೆ ತನ್ನನ್ನು ನಂಬಿದವರಿಗಾಗಿ, ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸು ಅಂತ. ಇಂಪೊಸಿಷನ್ ಬರೆಸು ಅಂತ ಎಲ್ಲೂ ಇಲ್ಲ.

ಹುಡುಗನ ಮೇಲೆ ನನಗೆ ಅಷ್ಟೊಂದು ಸಿಟ್ಟು ಬರಲಿಲ್ಲ. ಅವನಿಗೂ ಯಾರೋ ಹೀಗೇ ಕಲಿಸಿರಬೇಕು. ಸಿಟ್ಟು ಬಂದಿದ್ದು ಚಿಕ್ಕಮ್ಮನ ಮೇಲೆ. ನೀವು ಅವರ ಹತ್ತಿರ ಹೇಳಿಕೊಂಡಾಗ ಅವರು ಅಂದದ್ದು: "ಬರೆದು ಕಳಿಸಿದ್ರೆ ಕೈ ಸವೆಯುತ್ತಾ? ನಿನ್ನಂಥವಳಿಗೆ ಇಂಥ ಸಂಬಂಧ ಸಿಕ್ಕಿದ್ದೇ ದೇವರ ಕೃಪೆ." ನಿನ್ನಂಥವಳಿಗೆ! ದಿಕ್ಕಿಲ್ಲದ ಮಕ್ಕಳನ್ನು ನೋಡಿಕೊಳ್ಳುವುದೇ ಶುದ್ಧವಾದ ಭಕ್ತಿ ಅಂತ ಯಾಕೋಬನ ಪತ್ರದಲ್ಲಿದೆ. ಚಿಕ್ಕಮ್ಮ ನೋಡಿಕೊಂಡರು, ಒಪ್ಪಿದೆ. ನೋಡಿಕೊಂಡಿದ್ದನ್ನು ಇಪ್ಪತ್ತು ವರ್ಷ ಊಟದ ಹೊತ್ತಿಗೆ ನೆನಪಿಸಬೇಕು ಅಂತ ಯಾಕೋಬ ಬರೆದಿಲ್ಲ. ನಿಮಗೆ ಬಾಕಿದಾರಳ ಅಭ್ಯಾಸ ಆ ಮನೆಯಲ್ಲೇ ಆಗಿದೆ. ಹುಡುಗ ಬಂದು ಅದೇ ಖಾತೆ ಮುಂದುವರಿಸಿದ.

ಐದನೆಯವಳು ಅಂತ ನೀವು ಬರೆದದ್ದಕ್ಕೆ ನನಗೆ ಲೂಕನ ಸುವಾರ್ತೆಯ ಗುಬ್ಬಿಗಳು ನೆನಪಾದವು. ಮತ್ತಾಯ 10ರಲ್ಲಿ ಒಂದು ದುಡ್ಡಿಗೆ ಎರಡು ಗುಬ್ಬಿ. ಲೂಕ 12ರಲ್ಲಿ ಎರಡು ದುಡ್ಡಿಗೆ ಐದು ಗುಬ್ಬಿ. ಲೆಕ್ಕ ಹಾಕಿ. ನಾಲ್ಕು ಬರಬೇಕಿತ್ತು. ಐದನೆಯದು ಕೊಸರು. ದೇವರಾಜ ಮಾರ್ಕೆಟ್‌ನಲ್ಲಿ ತರಕಾರಿ ತೂಗಿದ ಮೇಲೆ "ಇದೂ ಇರಲಿ ತಗೊಳ್ಳಿ ಅಮ್ಮಾ" ಅಂತ ಚೀಲಕ್ಕೆ ಹಾಕುತ್ತಾರಲ್ಲ, ಒಂದು ಹಿಡಿ ಕರಿಬೇವು, ಹಾಗೆ. ಅದಕ್ಕೆ ಬೆಲೆಯೇ ಕಟ್ಟಿಲ್ಲ. ಅಂಥದ್ದರಲ್ಲಿ ಒಂದನ್ನೂ ದೇವರು ಮರೆತಿಲ್ಲ ಅನ್ನುತ್ತಾನೆ ಯೇಸು, ಹೇಳುತ್ತಲೇ ಕೊಸರಿನ ಗುಬ್ಬಿಯನ್ನೂ ಎಣಿಕೆಗೆ ಸೇರಿಸುತ್ತಾನೆ. ಆ ಗುಬ್ಬಿ ತಕ್ಕದ್ದಾಗುವುದಕ್ಕೆ ಏನು ಮಾಡಿತ್ತು ಹೇಳಿ? ಹಾಗಾಗಿ ಯಾವ ವಾಕ್ಯ ಓದಿದರೆ ತಕ್ಕವಳಾಗುತ್ತೇನೆ ಅನ್ನುವ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಪ್ರಶ್ನೆಯೇ ಚಿಕ್ಕಮ್ಮನ ಮನೆಯದು.

(ಇನ್ನೊಂದು ಮಾತು. ಕ್ವಾಯರ್‌ನಲ್ಲಿ ಹಾಡುತ್ತಾನೆ ಅಂತ ಗಂಡು ಒಪ್ಪಿಕೊಳ್ಳಬೇಡಿ ಅಂತ ಎಷ್ಟು ಸಲ ಹೇಳಬೇಕೋ ನಾನು! ಒಂಬತ್ತು ವರ್ಷ ನಾನೂ ಆಲ್ಟೊ ಹಾಡಿದವಳೇ. ರಿಹರ್ಸಲ್ ಮುಗಿದ ಮೇಲೆ ಕುರ್ಚಿ ಎತ್ತಿಡುವವರು ಯಾರು ಅಂತ ನೋಡಿ.)

ನಾನು ಹೇಳುವುದು ಒಂದೇ ಕೆಲಸ. ಮುಂದಿನ ಜಗಳ ಆದಾಗ ಬರೆಯಬೇಡಿ. ದೊಡ್ಡ ಮಾತೇನೂ ಬೇಡ, "ನಾನು ಇನ್ನು ಬರೆಯಲ್ಲ" ಅಂತ ಫೋನಿನಲ್ಲಿ ಹೇಳಿ, ಮಲಗಿ. ನೈಟ್ ಡ್ಯೂಟಿ ಆಗಿರುತ್ತೆ, ನಿದ್ದೆ ಬೇಕು. ಅವನು ಎರಡು ದಿನ ಮುನಿಸಿಕೊಂಡು ಆಮೇಲೆ ನಾಚಿಕೊಂಡರೆ, ಮಾತಾಡುವುದಕ್ಕೆ ಒಬ್ಬ ಮನುಷ್ಯ ಇದ್ದಾನೆ ಅಂತ ಅರ್ಥ. ಹನ್ನೊಂದು ಫೋಟೊ ತೋರಿಸಿ ಹೆದರಿಸಿದರೆ, ಹಾಳೆಗಳನ್ನೆಲ್ಲ ತೆಗೆದುಕೊಂಡು ನಿಮ್ಮ ಚರ್ಚ್‌ನ ಪಾದ್ರಿ ಅಯ್ಯನವರ ಹತ್ತಿರ ಹೋಗಿ. ಚಿಕ್ಕಮ್ಮನ ಹತ್ತಿರ ಬೇಡ. ಅವನು ಕೈ ಎತ್ತಿದರೆ ಅಯ್ಯನವರಿಗೂ ಕಾಯಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಮದುವೆಗೆ ಮುಂಚೆ ಮೂರು ಭಾನುವಾರ ಆರಾಧನೆಯಲ್ಲಿ ನಿಮ್ಮಿಬ್ಬರ ಹೆಸರು ಓದಿ, ಯಾರದ್ದಾದರೂ ಅಭ್ಯಂತರ ಇದೆಯಾ ಅಂತ ಕೇಳುತ್ತಾರೆ. ಮದುಮಗಳೂ ಎದ್ದು ನಿಲ್ಲಬಹುದು. ಮೊದಲನೇ ಪ್ರಕಟಣೆಗೆ ಇನ್ನೂ ಐದು ವಾರ ಇದೆ ಅಂದಿದ್ದೀರಿ. ನೀವು ಹೇಳುವ ಲೆಕ್ಕದಲ್ಲಿ ಅಷ್ಟರೊಳಗೆ ಒಂದು ಜಗಳ ಆಗೇ ಆಗುತ್ತೆ. ಅವನಿಗೆ ಬರೆಯದೆ ಉಳಿದ ಹಾಳೆಯಲ್ಲಿ ಏನಾಯಿತು ಅಂತ ನನಗೆ ಬರೆಯಿರಿ. ನಂಬರು ಹಾಕಬೇಡಿ.