ಗಣಿ ಊರಿನ ಮಕ್ಕಳಿಗೆ ವಿಜ್ಞಾನ ಕಲಿಸಲು ಹಣ ಎಲ್ಲಿ ಕೇಳಬೇಕು?

ಸಂಡೂರು ಸುತ್ತಿನ ಗಣಿ ಕೂಲಿಯವರ ಮಕ್ಕಳಿಗೆ ವಿಜ್ಞಾನ, ಕೋಡಿಂಗ್ ಕಲಿಸಬೇಕು, ಹೊಸದಾಗಿ ಟ್ರಸ್ಟ್ ಮಾಡಿದ್ದೇವೆ, ಹಣ ಎಲ್ಲಿಂದ ತರೋದು ಅಂತ ಕೇಳಿದ್ದೀರಿ. ನಾನು ಇದೇ ತಾಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು. ಈ ಕೆಲಸಕ್ಕೆ ನಾನೂ ಸಾಕಷ್ಟು ಓಡಾಡಿದ್ದೇನೆ.

ಮೊದಲು ಬಳ್ಳಾರಿಯ ಜಿಲ್ಲಾ ಖನಿಜ ಪ್ರತಿಷ್ಠಾನ ನೋಡಿ. ಎಲ್ಲರೂ ಡಿಎಂಎಫ್ ಅಂತಾರೆ. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿ ಆದಾಗ ಬಂದದ್ದು. ಗಣಿ ಮಾಲೀಕರು ಸರ್ಕಾರಕ್ಕೆ ಕೊಡುವ ರಾಜಧನದ (ರಾಯಲ್ಟಿ) ಜೊತೆಗೆ ಇದಕ್ಕೂ ಒಂದು ಪಾಲು ಕಟ್ಟಬೇಕು. ಗಣಿಯಿಂದ ತೊಂದರೆಯಾದ ಊರುಗಳಿಗೇ ಈ ಹಣ, ಶಿಕ್ಷಣ ಅದರ ಆದ್ಯತೆಯ ಪಟ್ಟಿಯಲ್ಲೇ ಇದೆ. ಲಾರಿಗಳ ಕೆಂಪು ಧೂಳು ಕುಡಿದು ಬೆಳೆದ ಮಕ್ಕಳ ಹಕ್ಕಿನ ದುಡ್ಡು ಇದು. ಬೇಡುವ ದನಿಯಲ್ಲಿ ಕೇಳಬೇಡಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವು ಮಾಡಿಸಿ, ಶಾಲೆಯ ಮೂಲಕವೇ ಪ್ರಸ್ತಾವನೆ ಕಳಿಸಿ.

ಎರಡನೆಯದು ಕಂಪನಿಗಳ ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಅವು ಕೊಡುವ ಹಣ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ 2% ಇದಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಊರಿಗೇ ಮೊದಲ ಆದ್ಯತೆ ಅಂತಲೂ ಕಾಯ್ದೆ ಹೇಳುತ್ತದೆ. ಆದರೆ ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು, 3 ವರ್ಷ ಕೆಲಸ ಮಾಡಿದ ದಾಖಲೆ ಬೇಕು. ನಿಮ್ಮದು ಹೊಸದು ಅಲ್ವಾ, ಅದಕ್ಕೇ ಸದ್ಯಕ್ಕೆ ಒಂದು ಹಳೆಯ ಸಂಸ್ಥೆಯ ಜೊತೆ ಸೇರಿಕೊಳ್ಳಿ.

ಮಕ್ಕಳು ಕೈಯಾರೆ ಮಾಡಿ ಕಲಿಯುವ ಪ್ರಯೋಗಾಲಯಕ್ಕೆ ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯ 20 ಲಕ್ಷ ಶಾಲೆಗಷ್ಟೇ ಸಿಗುವುದು, ಟ್ರಸ್ಟಿಗಲ್ಲ. ಅದರಲ್ಲಿ ನನಗೆ ಇಷ್ಟವಾದ ಮಾತು ಒಂದಿದೆ. 10 ಲಕ್ಷ ಸಾಮಾನಿಗೆ, ಇನ್ನು 10 ಲಕ್ಷ 5 ವರ್ಷ ನಡೆಸುವ ಖರ್ಚಿಗೆ.

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದೂ ಈ ನಡೆಸುವ ಖರ್ಚಿನ ವಿಷಯವೇ. ನಾನು ಹಿಂದೆ ಇದ್ದ ಶಾಲೆಗೆ ದಾನಿಯೊಬ್ಬರು ರೋಬೋಟಿಕ್ಸ್ ಪೆಟ್ಟಿಗೆಗಳನ್ನು ಕೊಟ್ಟಿದ್ದರು. ಉದ್ಘಾಟನೆ ಜೋರಾಗಿ ಆಯಿತು. ಎರಡು ವರ್ಷದ ಮೇಲೆ ಬೀರು ತೆಗೆದರೆ ಸೆಲ್‌ಗಳು ಸೋರಿ ತಂತಿಯ ಮೇಲೆಲ್ಲ ಬಿಳಿ ಪುಡಿ ಕಟ್ಟಿತ್ತು. ಹೊಸ ಸೆಲ್ ತರಲು ದುಡ್ಡಿರಲಿಲ್ಲ, ಕಲಿಸುವವರೂ ಇರಲಿಲ್ಲ. ಅವತ್ತು ನನಗೆ ತುಂಬಾ ಬೇಜಾರಾಯಿತು. ಹಾಗಾಗಿ ಅರ್ಜಿಯಲ್ಲಿ ಕಲಿಸುವವರ ಸಂಬಳ, ಮಕ್ಕಳ ಬಸ್ ಚಾರ್ಜು, ಸೆಲ್, ರಿಪೇರಿ, ಎಲ್ಲ 3 ವರ್ಷಕ್ಕೆ ಲೆಕ್ಕ ಹಾಕಿ. ಸಾಮಾನು ಕಡಿಮೆಯಾದರೂ ಪರವಾಗಿಲ್ಲ.

ಕಡಿಮೆ ಸಾಮಾನಲ್ಲಿ ಏನಾಗುತ್ತೆ ಅಂತ ಕೇಳಬಹುದು. ಕಳೆದ ವರ್ಷ ಎಂಟನೇ ಕ್ಲಾಸಿನವರಿಗೆ ಹಳೇ ಸ್ಪೀಕರಿನ ಅಯಸ್ಕಾಂತ ಕೊಟ್ಟು ಅಂಗಳಕ್ಕೆ ಕಳಿಸಿದೆ. ಕರಿ ಕಣಗಳು ಅದಕ್ಕೆ ಮೀಸೆಯ ಹಾಗೆ ಅಂಟಿಕೊಂಡವು. ಕೆಂಪು ಅದಿರಿನ ಹುಡಿ ಅಷ್ಟಾಗಿ ಅಂಟಲಿಲ್ಲ. "ಎರಡರಲ್ಲೂ ಕಬ್ಬಿಣ ಐತಲ್ಲ ಸರ್, ಮತ್ಯಾಕ ಹಿಂಗ?" ಅಂದಳು ಟಿಪ್ಪರ್ ಓಡಿಸುವವರ ಮಗಳು. ಕರಿಯದು ಮ್ಯಾಗ್ನೆಟೈಟ್, ಕೆಂಪು ಹೆಮಟೈಟ್ ಅಂತ ಎರಡು ಬಗೆಯ ಅದಿರಿನ ಪಾಠ ಅಲ್ಲಿಂದ ಶುರುವಾಯಿತು. ಅವಳು ಎರಡೂ ಹುಡಿಯನ್ನು ನೋಟ್‌ಬುಕ್ಕಿಗೆ ಗೋಂದು ಹಾಕಿ ಅಂಟಿಸಿಕೊಂಡಿದ್ದಾಳೆ. ಆ ಪುಟದ ಫೋಟೋ ನನ್ನ ಎಲ್ಲ ಅರ್ಜಿಗೂ ಲಗತ್ತಾಗಿ ಹೋಗುತ್ತದೆ.

ಸಿಎಸ್‌ಆರ್‌ನವರನ್ನು ಜನವರಿ, ಫೆಬ್ರವರಿಯಲ್ಲೇ ನೋಡಿ, ಏಪ್ರಿಲ್‌ನಿಂದ ಹೊಸ ಬಜೆಟ್. ಖರ್ಚಿನ ಪಟ್ಟಿ ಬರೆದಾದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.