ಓದುಗರ ಪ್ರಶ್ನೆ: ಮಂಜಿನ ಹಿಂದೆ ನಿಂತದ್ದು

ಪ್ರಶ್ನೆ: ಮನೆಮಂದಿಯೆಲ್ಲ ಕುಳಿತು ‘ದಿ ಮಿಸ್ಟ್’ ಚಿತ್ರವನ್ನು ನೋಡಿದೆವು. ಊರಿಗೆ ಮಂಜು ಕವಿದು, ಅದರೊಳಗಿನ ಭಯಂಕರ ಪ್ರಾಣಿಗಳಿಗೆ ಹೆದರಿ ಊರಿನವರು ಅಂಗಡಿಯೊಳಗೆ ಸಿಕ್ಕಿಬಿದ್ದ ಮೊದಲ ಭಾಗದಲ್ಲಿ ಆ ಪ್ರಾಣಿಗಳು ಕಾಣುವುದೇ ಅಪರೂಪ, ಆದರೂ ಅಲ್ಲಿಯೇ ಹೆಚ್ಚು ಹೆದರಿದೆವು. ಇದೇಕೆ? ಸಂಕಟದಲ್ಲಿ ಜನ ಹಾಗೆ ಒಬ್ಬರ ಮೇಲೊಬ್ಬರು ಬೀಳುತ್ತಾರೆಂಬುದು ನಿಜವೆ?
— ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ಸ್ಟೀಫನ್ ಕಿಂಗ್ ಅವರ 1980ರ ನೀಳ್ಗತೆಯನ್ನು ಆಧರಿಸಿ ಫ್ರಾಂಕ್ ಡಾರಬಾಂಟ್ 2007ರಲ್ಲಿ ಈ ಚಿತ್ರವನ್ನು ನಿರ್ದೇಶಿಸಿದರು. ಅದರ ಹಗ್ಗದ ದೃಶ್ಯವನ್ನು ನೆನಪಿಸಿಕೊಳ್ಳಿ. ಒಬ್ಬಾತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಂಜಿನೊಳಗೆ ಹೋಗುತ್ತಾನೆ; ಬಾಗಿಲಲ್ಲಿ ನಿಂತವರ ಕೈಯಿಂದ ಹಗ್ಗ ಸರಸರನೆ ಜಾರುತ್ತದೆ, ಬಿಗಿಯುತ್ತದೆ, ಕೊನೆಗೆ ಸಡಿಲವಾಗುತ್ತದೆ; ಎಳೆದುಕೊಂಡರೆ ಬರುವುದು ಅರ್ಧ ದೇಹ. ಹೊರಗೆ ನಡೆದದ್ದಷ್ಟನ್ನೂ ನಾವು ಆ ಹಗ್ಗದಲ್ಲೇ ಓದಬೇಕು. ಮುಂಬಯಿಯಲ್ಲಿ ಯಕ್ಷಗಾನ ನೋಡುತ್ತ ಬೆಳೆದ ನಮಗೆ ಇದು ಹೊಸತಲ್ಲ. ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುವಾಗ, ಚೆಂಡೆಯ ಪೆಟ್ಟು ಏರುತ್ತಿರುವಾಗ, ಕಿರೀಟದ ಅಂಚು ಮಾತ್ರ ಮಿಂಚಿ ಮರೆಯಾಗುವಾಗ ಮಗು ತಾಯಿಯ ಸೆರಗು ಹಿಡಿಯುತ್ತದೆ. ತೆರೆ ಸರಿದು ರಾಕ್ಷಸ ಪೂರ್ತಿ ಕಂಡ ಮೇಲೆ ಅದೇ ಮಗು ಕಣ್ಣರಳಿಸಿ ನೋಡುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಲೋಕಲ್ ರೈಲುಗಳು ನಿಂತವು. ಸೊಂಟಮಟ್ಟದ ನೀರಿನಲ್ಲಿ ನಡೆದವರಿಗೆ ಚಾಳ್‌ಗಳ ಜನ ಚಹಾ, ಬಿಸ್ಕತ್ತು ಕೊಟ್ಟು, ಗುರುತಿಲ್ಲದವರನ್ನೂ ಒಳಗೆ ಮಲಗಿಸಿದರು. ಆದ್ದರಿಂದ ಸಂಕಟದಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದೇ ಬೀಳುತ್ತಾರೆಂಬ ಮಾತನ್ನು ನಾನು ಒಪ್ಪಲಾರೆ. ಆದರೆ ಆ ದಿನ ನೀರು ನಮ್ಮ ಕಣ್ಣೆದುರಿಗೇ ಇತ್ತು, ಅದು ಮಳೆಯ ನೀರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಚಿತ್ರದ ಜನಕ್ಕೆ ಹೊರಗಿರುವುದು ಏನೆಂದೇ ತಿಳಿಯದು. ಆ ತೆರಪಿನಲ್ಲಿ ಮಿಸೆಸ್ ಕಾರ್ಮೊಡಿ ಎಂಬಾಕೆ ಇದು ದೇವರ ಕೋಪ, ಬಲಿ ಬೇಕು ಎನ್ನುತ್ತಾಳೆ. ಮೊದಲು ಯಾರೂ ಆಕೆಗೆ ಕಿವಿಗೊಡುವುದಿಲ್ಲ. ಸಾವುಗಳು ಹೆಚ್ಚಿದಂತೆ, ತಿಳಿಯದೆಂದು ಒಪ್ಪಿಕೊಳ್ಳುವವರಿಗಿಂತ ತಿಳಿದಿದೆಯೆನ್ನುವವಳ ಸುತ್ತ ಜನ ಸೇರುತ್ತಾರೆ. ಮಾರ್ಸಿಯಾ ಗೇ ಹಾರ್ಡನ್ ಈ ಪಾತ್ರವನ್ನು ಕೂಗಾಟದಿಂದಲ್ಲ, ನಂಬಿಕೆಯಿಂದ ಕಟ್ಟಿದ್ದಾರೆ. ನನ್ನ ಮಟ್ಟಿಗೆ ಚಿತ್ರದ ನಿಜವಾದ ಭಯ ಅದೇ.

ಪ್ರಶ್ನೆ: ‘ದಿ ಮಿಸ್ಟ್’ನ ಮೂಲಕಥೆಯ ಅಂತ್ಯವೂ ಚಿತ್ರದಷ್ಟೇ ಕ್ರೂರವೆ?
— ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಅಲ್ಲ. (ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.) ಕಥೆ ಸಣ್ಣದೊಂದು ಭರವಸೆಯೊಡನೆ ನಿಲ್ಲುತ್ತದೆ. ಚಿತ್ರದಲ್ಲಿ ಅಂಗಡಿಯಿಂದ ತಪ್ಪಿಸಿಕೊಂಡು ಹೊರಟವರ ಕಾರಿನ ಇಂಧನ ಮುಗಿದಾಗ ಐವರಿಗೆ ನಾಲ್ಕೇ ಗುಂಡುಗಳಿರುತ್ತವೆ. ಅವರಲ್ಲೊಬ್ಬ ತಂದೆ, ಪ್ರಾಣಿಗಳ ಬಾಯಿಗೆ ಬೀಳದಿರಲೆಂದು ತನ್ನ ಮಗನನ್ನೂ ಉಳಿದ ಮೂವರನ್ನೂ ಕೊಂದ ಕೆಲವೇ ನಿಮಿಷಗಳಲ್ಲಿ ಮಂಜು ಸರಿದು ಸೈನ್ಯ ಬರುತ್ತದೆ. ಈ ಬದಲಾವಣೆಯನ್ನು ಕಿಂಗ್ ಮೆಚ್ಚಿಕೊಂಡರು. ಮೊದಲ ಸಲ ನನಗೆ ಇದು ಅನ್ಯಾಯವೆನಿಸಿತ್ತು. ಎರಡನೆಯ ಸಲ ನೋಡಿದಾಗ ಸೈನ್ಯದ ಲಾರಿಯ ಮೇಲೆ ನಿಂತ ಹೆಂಗಸನ್ನು ಗಮನಿಸಿದೆ. ಚಿತ್ರದ ಆರಂಭದಲ್ಲಿ, ಮನೆಯಲ್ಲಿ ಮಕ್ಕಳು ಒಂಟಿಯಾಗಿದ್ದಾರೆ, ಯಾರಾದರೂ ಜೊತೆಗೆ ಬನ್ನಿ ಎಂದು ಅಂಗಡಿಯಲ್ಲಿ ಒಬ್ಬೊಬ್ಬರನ್ನೇ ಬೇಡಿಕೊಂಡು, ಯಾರೂ ಬರದಿದ್ದಾಗ ತಾನೊಬ್ಬಳೇ ಮಂಜಿನೊಳಗೆ ನಡೆದುಹೋದವಳು ಅವಳೇ. ಮಕ್ಕಳು ಅವಳ ಜೊತೆಯಲ್ಲಿದ್ದಾರೆ.