ಹಳೇ ಕಾರಿಗೆ ಹೊಸ ಟೈರ್: ಆ ಕೊನೇ ಅಕ್ಷರ ನೋಡ್ಕೊಂಡು ತಗೊಳ್ಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಟೈರಿಂದೇ ಜಾಸ್ತಿ ಇದ್ವು, ಅದೂ ಹತ್ತು ಹದಿನೈದು ವರ್ಷ ಹಳೇ ಕಾರ್ ಇಟ್ಕೊಂಡಿರೋರಿಂದ. ಹಾಗಾಗಿ ಈ ಅಂಕಣ ಪೂರ್ತಿ ಅದಕ್ಕೇ ಮೀಸಲು. ಟೈರ್ ಸೈಜಿನ ಕೊನೇಲಿ ಎಚ್, ಟಿ ಅಂತ ಇರೋ ಇಂಗ್ಲಿಷ್ ಅಕ್ಷರ ಅದರ ಸ್ಪೀಡ್ ರೇಟಿಂಗ್, ಅಂದ್ರೆ ಆ ಟೈರ್ ಜಾಸ್ತಿ ಅಂದ್ರೆ ಎಷ್ಟು ಸ್ಪೀಡ್ ತಡ್ಕೊಳ್ಳತ್ತೆ ಅನ್ನೋ ಗುರುತು.

ಪ್ರಶ್ನೆ: ಸಾರ್, ನಂದು 2008ರ ಸ್ವಿಫ್ಟ್ ಪೆಟ್ರೋಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾಲ್ಕೂ ಟೈರ್ ಸವ್ದೋಗಿದೆ. ಈಗಿರೋದ್ರ ಮೇಲೆ 185/70 ಆರ್14 88ಎಚ್ ಅಂತ ಬರ್ದಿದೆ. ಅಂಗಡಿಯವ್ರು ಅದೇ ಸೈಜಲ್ಲಿ 88ಟಿ ಇದೆ, ಒಂದೊಂದಕ್ಕೆ ನಾನೂರು ಐನೂರು ಕಮ್ಮಿ ಬೀಳತ್ತೆ, ನೀವೇನು ಇನ್ನೂರರಲ್ಲಿ ಓಡಿಸ್ತೀರಾ ಅಂತಾರೆ. ನಮ್ಮ ಭಾವ ಮಾತ್ರ ವಿ ರೇಟಿಂಗೇ ಹಾಕ್ಸು, ಹಳೇ ಗಾಡಿಗೆ ಗಟ್ಟಿ ಟೈರ್ ಬೇಕು ಅಂತಾರೆ. ವಾರಕ್ಕೊಂದ್ಸಲ ಹಾಸನದಿಂದ ಬೆಂಗಳೂರಿಗೆ ಹೋಗ್ಬರ್ತೀನಿ, ನೂರರ ಮೇಲೆ ಹೋಗೋದೇ ಅಪರೂಪ. ಯಾವ್ದು ಹಾಕ್ಸ್ಲಿ? (ಹಾಸನದ ಓದುಗರು)

ಉತ್ತರ: ಮೊದ್ಲು, ಈಗ ಗಾಡೀಲಿರೋ ಟೈರ್ ನೋಡ್ಕೊಂಡು ಲೆಕ್ಕ ಹಾಕೋದು ಬಿಡಿ. ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ಮೇಲೆ ಹಿಂದಿನ ಓನರ್ ಅವತ್ತು ಅಂಗಡೀಲಿ ಏನ್ ಸಿಕ್ತೋ ಅದನ್ನೇ ಹಾಕ್ಸಿರಬಹುದು. ಡ್ರೈವರ್ ಡೋರ್ ತೆಗೆದ್ರೆ ಬಾಗಿಲ ಪಕ್ಕದ ಕಂಬದ ಮೇಲೆ ಕಂಪನಿ ಹೇಳಿರೋ ಟೈರ್ ಯಾವುದು ಅಂತ ಸ್ಟಿಕ್ಕರ್ ಇರತ್ತೆ, ಅದು ಕಿತ್ತೋಗಿದ್ರೆ ಓನರ್ಸ್ ಮ್ಯಾನ್ಯುಯಲ್ ನೋಡಿ, ಅದೂ ಇಲ್ಲ ಅಂದ್ರೆ ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಚಾಸಿಸ್ ನಂಬರ್ ಕೊಟ್ಟು ಕೇಳಿ. ಒಂದೇ ಮಾಡೆಲ್ಲಲ್ಲಿ ಒಂದೊಂದು ವೇರಿಯಂಟಿಗೆ ಒಂದೊಂದು ಟೈರ್ ಕೊಟ್ಟಿರ್ತಾರೆ, ಅದಕ್ಕೇ ಪಕ್ಕದ ಮನೆ ಸ್ವಿಫ್ಟ್ ನೋಡಿ ಕೂಡ ತೀರ್ಮಾನ ಮಾಡೋಕಾಗಲ್ಲ.

ಈಗ ಆ ಅಕ್ಷರದ ವಿಷಯ. ಕ್ಯೂ ಅಂದ್ರೆ ಗಂಟೆಗೆ 160 ಕಿಮೀ, ಎಸ್ ಅಂದ್ರೆ 180, ಟಿ 190, ಯು 200, ಎಚ್ 210, ವಿ 240. ಎಚ್ ಮಾತ್ರ ಸಾಲು ತಪ್ಪಿ ಯು ಮತ್ತೆ ವಿ ಮಧ್ಯೆ ಕೂತಿದೆ, ಹಾಗಾಗಿ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಲೆಕ್ಕ ಹಾಕಿ ಎಚ್‌ಗಿಂತ ಟಿ ದೊಡ್ದು ಅಂದ್ಕೋಬೇಡಿ, ಎಷ್ಟೋ ಜನ ಹಾಗೇ ಅಂದ್ಕೊಂಡು ತಗೊಂಡ್ಬಿಡ್ತಾರೆ.

ನಮ್ ದೇಶದಲ್ಲಿ ಕಾರುಗಳಿಗೆ 2018ರಲ್ಲಿ ಕೇಂದ್ರ ಹೊರಡಿಸಿದ ನೋಟಿಫಿಕೇಶನ್‌ನಲ್ಲೂ ಎಕ್ಸ್‌ಪ್ರೆಸ್‌ವೇಲಿ ಜಾಸ್ತಿ ಅಂದ್ರೆ 120, ಡಿವೈಡರ್ ಇರೋ ನಾಲ್ಕು ಲೇನ್ ರೋಡಲ್ಲಿ 100 ಅಂತ ಇಟ್ಟಿದ್ರು. ಹಾಗಿದ್ಮೇಲೆ ಟಿನೋ ಎಚ್ಚೋ ಏನಾದ್ರೇನು ಅಂತ ಅಂಗಡಿಯವ್ರು ಕೇಳೋದು ಸಹಜ. ಆದ್ರೆ ಆ ಅಕ್ಷರ ಹೇಳ್ತಿರೋದು ನೀವು ಎಷ್ಟು ಸ್ಪೀಡಲ್ಲಿ ಹೋಗ್ತೀರಿ ಅನ್ನೋದನ್ನಲ್ಲ, ಆ ಟೈರ್ ಎಷ್ಟು ಬಿಸಿ ತಡ್ಕೊಳ್ಳತ್ತೆ ಅನ್ನೋದನ್ನ. ಟೈರ್ ಒಂದೊಂದ್ ಸುತ್ತು ತಿರುಗ್ದಾಗ್ಲೂ ನೆಲಕ್ಕೆ ತಾಗೋ ಜಾಗ ಚಪ್ಪಟೆ ಆಗತ್ತೆ, ಮೇಲೆದ್ದಾಗ ಮತ್ತೆ ದುಂಡಗಾಗತ್ತೆ, ತಂತೀನ ಆ ಕಡೆ ಈ ಕಡೆ ಬಗ್ಗಿಸ್ತಾ ಇದ್ರೆ ಕೈಗೆ ಬಿಸಿ ತಾಗತ್ತಲ್ಲ ಹಾಗೇ ಇದೂ ಒಳಗಿಂದ ಬಿಸಿ ಆಗತ್ತೆ. ನಿಮ್ಮ ಸೈಜಿನ ಟೈರಿನ ಸುತ್ತಳತೆ ಸುಮಾರು 1.93 ಮೀಟರ್, ಅಂದ್ರೆ ಒಂದು ಕಿಲೋಮೀಟರಿಗೆ ಐನೂರು ಚಿಲ್ಲರೆ ಸುತ್ತು, ನೂರರ ಸ್ಪೀಡಲ್ಲಿ ಸೆಕೆಂಡಿಗೆ ಹತ್ರ ಹತ್ರ 14 ಸುತ್ತು. ಕುಣಿಗಲ್ ದಾಟಿದ್ಮೇಲೆ ರೋಡ್ ಖಾಲಿ ಸಿಕ್ಕಿ ಏಪ್ರಿಲ್ ಬಿಸ್ಲಲ್ಲಿ ಒಂದ್ಗಂಟೆ ಒಂದೇ ಸಮ ಓಡಿಸಿದ್ರೆ ಎಷ್ಟು ಸಾವಿರ ಸಲ ಬಗ್ಗಿ ಎದ್ದಿರತ್ತೆ ಯೋಚ್ನೆ ಮಾಡಿ.

ಇನ್ನೊಂದು ಮುಖ್ಯ. ಈ ಅಕ್ಷರ ಕೊಡೋದು ಲ್ಯಾಬಲ್ಲಿ ದೊಡ್ಡ ಡ್ರಮ್ ಮೇಲೆ ಹೊಸಾ ಟೈರ್ ಓಡ್ಸಿ, ಗಾಳಿ ಸರಿಯಾಗಿ ತುಂಬಿ, ಲೋಡ್ ಲೆಕ್ಕ ಹಾಕಿ ಇಟ್ಟು, ಸ್ಪೀಡ್ ಹಂತ ಹಂತವಾಗಿ ಏರಿಸಿ. ಆರು ವರ್ಷ ಬಿಸ್ಲಲ್ಲಿ ನಿಂತಿರೋ ಟೈರಿಗೆ, ಎರಡು ಕಡೆ ಪಂಚರ್ ಸ್ಟ್ರಿಪ್ ತುರ್ಕಿರೋ ಟೈರಿಗೆ, 33 ಇರ್ಬೇಕಾದ ಕಡೆ 24 ಗಾಳಿ ಇಟ್ಕೊಂಡು ಐದು ಜನ ಪ್ಲಸ್ ಡಿಕ್ಕಿ ತುಂಬಾ ಲಗೇಜ್ ಹೊತ್ತಿರೋ ಟೈರಿಗೆ ಆ ನಂಬರ್ ಅನ್ವಯಿಸಲ್ಲ. ಕಾರ್ ಕಂಪನಿಯವ್ರು ಗಾಡಿ ಓಡೋ ಸ್ಪೀಡಿಗಿಂತ ಸಾಕಷ್ಟು ಮೇಲಿನ ಅಕ್ಷರ ಕೊಡೋದರಿಂದ ಇಂಥಾ ಕಡೆ ಒಂದಿಷ್ಟು ಉಸಿರಾಡೋಕೆ ಜಾಗ ಸಿಗತ್ತೆ. ಆ ಜಾಗಾನ ನಾನೂರು ರೂಪಾಯಿಗೆ ಬಿಟ್ಕೊಡ್ಬೇಡಿ ಅಂತ ನಾನು ಕೈಮುಗ್ದು ಹೇಳ್ತೀನಿ.

ಹಾಗಾಗಿ ನಿಮಗೆ ಉತ್ತರ ಇಷ್ಟು. ಮ್ಯಾನ್ಯುಯಲ್‌ನಲ್ಲಿ ಟಿ ಅಂತಿದ್ರೆ ಧಾರಾಳವಾಗಿ ಟಿ ಹಾಕ್ಸಿ, ಉಳಿದ ದುಡ್ಡಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡ್ಸಿ, ನಾಲ್ಕೂ ವಾಲ್ವ್ ಹೊಸದು ಹಾಕ್ಸಿ. ಹಳೇ ರಬ್ಬರ್ ವಾಲ್ವ್ ಬುಡದಲ್ಲಿ ಬಿರುಕು ಬಿಟ್ಟು ನಿಧಾನಕ್ಕೆ ಗಾಳಿ ಬಿಡ್ತಿರತ್ತೆ, ಯಾರ್ಗೂ ಗೊತ್ತಾಗಲ್ಲ. ಎಚ್ ಅಂತಿದ್ರೆ ಎಚ್‌ಗಿಂತ ಕೆಳಗೆ ಇಳೀಬೇಡಿ. ವಿ ಬೇಕಾಗಿಲ್ಲ. ಭಾವನೋರು ಹೇಳೋ ಗಟ್ಟಿತನಕ್ಕೂ ಸ್ಪೀಡ್ ಅಕ್ಷರಕ್ಕೂ ಸಂಬಂಧ ಇಲ್ಲ, ವಿ ರೇಟಿಂಗ್ ಟೈರೂ ಗುಂಡಿಗೆ ಬಿದ್ರೆ ಸೈಡಲ್ಲಿ ಊದ್ಕೊಳ್ಳತ್ತೆ. ಮೇಲಿನ ಅಕ್ಷರದವು ಸಾಮಾನ್ಯವಾಗಿ ಸ್ವಲ್ಪ ಬಿಗಿ ಇರ್ತವೆ, ಬುಷ್ಷು ಶಾಕ್ ಅಬ್ಸಾರ್ಬರ್ ಹಳೇದಾಗಿರೋ ಗಾಡೀಲಿ ಆ ಕುಲುಕಾಟ ನೇರ ಬೆನ್ನಿಗೇ ಬರತ್ತೆ.

ಮತ್ತೆ ಅಕ್ಷರಕ್ಕೆ ಮುಂಚೆ ಇರೋ 88 ಮರೀಬೇಡಿ. ಅದು ಲೋಡ್ ಇಂಡೆಕ್ಸ್, ಒಂದು ಟೈರ್ 560 ಕೇಜಿ ಹೊರತ್ತೆ ಅಂತ ಅರ್ಥ. ಅಕ್ಷರ ನೋಡೋ ಗಡಿಬಿಡೀಲಿ ಜನ ಇದನ್ನ ಬಿಟ್ಬಿಡ್ತಾರೆ, ನನ್ ಪ್ರಕಾರ ಇದು ಅಕ್ಷರಕ್ಕಿಂತ ಒಂದು ಕೈ ಮೇಲು.

ಪ್ರಶ್ನೆ: ನಮ್ಮ ಮನೆ ಆಲ್ಟೋಗೆ 145/80 ಆರ್12 74ಟಿ ಇದೆ. ಯಾರೋ 13 ಇಂಚಿನ ಅಲಾಯ್ ಕಮ್ಮಿ ರೇಟಿಗೆ ಕೊಡ್ತೀನಿ ಅಂತಿದಾರೆ, ಅದಕ್ಕೆ 155/65 ಆರ್13 73ಟಿ ಸರಿಹೋಗತ್ತಂತೆ. ಅಕ್ಷರ ಒಂದೇ ಇದೆಯಲ್ಲ, ಹಾಕ್ಸ್ಬಹುದಾ? (ಮೈಸೂರಿನ ಓದುಗರು)

ಉತ್ತರ: ಎತ್ತರದ ಲೆಕ್ಕ ಸರಿ ಇದೆ. ನಿಮ್ಮ ಹಳೇ ಟೈರ್ ಒಟ್ಟು ಎತ್ತರ ಸುಮಾರು 537 ಮಿಮೀ, ಹೊಸದು 532, ಅಂದ್ರೆ ನೂರಕ್ಕೆ ಒಂದರಷ್ಟು ಮಾತ್ರ ಕಮ್ಮಿ, ಸ್ಪೀಡೋಮೀಟರಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ. ಅಕ್ಷರಾನೂ ಒಂದೇ. ಆದ್ರೆ 74 ಅಂದ್ರೆ 375 ಕೇಜಿ, 73 ಅಂದ್ರೆ 365. ಒಂದೊಂದ್ ಟೈರಿಗೆ ಹತ್ತು ಕೇಜಿ ಕಮ್ಮಿ ಹೊರತ್ತೆ. ನೋಡೋಕೆ ಸಣ್ಣದು ಅನ್ಸತ್ತೆ, ಆದ್ರೆ ಚಿಕ್ಕ ಗಾಡೀಲೇ ಐದು ಜನ ಕೂತ್ಕೊಂಡು ಊರಿಂದ ಅಕ್ಕಿ ಮೂಟೆ ತೆಂಗಿನಕಾಯಿ ತುಂಬ್ಕೊಂಡು ಬರೋದು. ನಾನಾದ್ರೆ ಕಂಪನಿ ಕೊಟ್ಟ 12 ಇಂಚಲ್ಲೇ ಇರ್ತೀನಿ. ಅಲಾಯ್ ಹಾಕ್ಲೇಬೇಕು ಅಂದ್ರೆ 74 ಅಥವಾ ಅದಕ್ಕಿಂತ ಮೇಲಿನ ಲೋಡ್ ಇಂಡೆಕ್ಸ್ ಇರೋ ಟೈರ್ ಆ ಸೈಜಿಗೆ ಹತ್ರದಲ್ಲಿ ಸಿಗತ್ತಾ ಹುಡುಕಿ, ಸ್ಟೀರಿಂಗ್ ಪೂರ್ತಿ ತಿರುಗಿಸ್ದಾಗ ಮಡ್‌ಗಾರ್ಡಿಗೆ ತಾಗಲ್ವಾ ನೋಡಿ. ಸೈಜ್ ಬದಲಾಯಿಸ್ದಾಗ ಜನ ಎತ್ತರ, ಅಗಲ, ಲುಕ್ಕು ಎಲ್ಲಾ ನೋಡ್ತಾರೆ, ಈ ಎರಡಂಕಿ ಮಾತ್ರ ನೋಡಲ್ಲ.

ಪ್ರಶ್ನೆ: ದುಡ್ಡಿನ ತಾಪತ್ರಯ, ಎರಡೇ ಟೈರ್ ಹಾಕ್ಸೋಕಾಗೋದು. ಹಳೇ ಎರಡು ಟಿ, ಹೊಸದು ಎಚ್ ತಗೋತಿದೀನಿ. ಇಂಜಿನ್ ಮುಂದೆ ಇದೆ, ಎಳಿಯೋದೂ ಮುಂದಿನ ಚಕ್ರಾನೇ, ಹೊಸದನ್ನ ಮುಂದೇನೇ ಹಾಕ್ಬೇಕು ಅಂತಾರಲ್ಲ ಎಲ್ರೂ? (ತೀರ್ಥಹಳ್ಳಿಯ ಓದುಗರು)

ಉತ್ತರ: ಹಿಂದೆ ಹಾಕ್ಸಿ. ಗ್ಯಾರೇಜಲ್ಲಿ ಬಹಳ ಜನ ಒಪ್ಪಲ್ಲ ಅಂತ ಗೊತ್ತು, ಆದ್ರೂ ಹಿಂದೇನೇ. ನಿಮ್ಮ ಕಡೆ ಮಳೆ ಹೇಗಿರತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ, ಆಗುಂಬೆ ಘಾಟಿ ಇಳೀವಾಗ ತಿರುವಲ್ಲಿ ಮುಂದಿನ ಟೈರ್ ಜಾರಿದ್ರೆ ಗಾಡಿ ನೇರ ಹೋಗೋಕೆ ನೋಡತ್ತೆ, ಆಕ್ಸಿಲರೇಟರ್ ಬಿಟ್ರೆ ಸ್ಪೀಡ್ ಇಳಿದು ಮತ್ತೆ ಹಿಡಿತ ಸಿಗೋ ಸಾಧ್ಯತೆ ಇರತ್ತೆ, ಸ್ಟೀರಿಂಗಲ್ಲಿ ನಿಮ್ಮ ಕೈಗೂ ಗೊತ್ತಾಗತ್ತೆ. ಹಿಂದಿನದು ಜಾರಿದ್ರೆ ಗಾಡಿ ತಿರುಗೇ ಬಿಡತ್ತೆ, ಅದನ್ನ ಸರಿ ಮಾಡೋಷ್ಟು ಟೈಮ್ ನಮ್ಮಂಥೋರಿಗೆ ಸಿಗಲ್ಲ. ಹಿಂದೆ ಯಾವಾಗ್ಲೂ ಚೆನ್ನಾಗಿ ಬಟನ್ (ನೆಲಕ್ಕೆ ತಾಗೋ ಕಡೆ ಗೆರೆಗಳ ಮಧ್ಯೆ ಎದ್ದಿರೋ ರಬ್ಬರ್) ಇರೋ ಜೋಡಿ ಇರ್ಲಿ. ಅಕ್ಷರ ಬೇರೆ ಬೇರೆ ಇದ್ರೂ ಇದೇ ಮಾತು, ಮೇಲಿನ ಅಕ್ಷರದ ಜೋಡಿ ಹಿಂದೆ. ಒಂದೇ ಆಕ್ಸೆಲ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಮಾತ್ರ ಯಾವತ್ತೂ ಬೇಡ. ಹೊಸದು ಎಚ್ ಹಾಕಿದ್ರೂ ಗಾಡಿ ಲೆಕ್ಕಕ್ಕೆ ಟಿನೇ, ಯಾಕಂದ್ರೆ ನಾಲ್ಕರಲ್ಲಿ ಕಮ್ಮಿ ಇರೋ ಅಕ್ಷರಾನೇ ಇಡೀ ಗಾಡಿಗೆ ಮಿತಿ.

ಆ ಹಳೇ ಎರಡು ಟೈರಿನ ಗೆರೆ ಒಳಗೆ ಸಣ್ಣ ಉಬ್ಬು ಇರತ್ತೆ ನೋಡಿ, ಅದು 1.6 ಮಿಮೀ ಗುರುತು. ಬಟನ್ ಅದರ ಸಮಕ್ಕೆ ಬಂದ್ರೆ ಕಾನೂನು ಪ್ರಕಾರಾನೇ ಟೈರ್ ಮುಗೀತು. ಮಲೆನಾಡಲ್ಲಿ ಓಡಿಸೋರು ಅಲ್ಲಿ ತನಕ ಕಾಯೋದು ಬೇಡ, 3 ಮಿಮೀಗೆ ಬಂದಾಗ್ಲೇ, ಜೂನ್ ಶುರುವಾಗೋ ಮುಂಚೆ ಬದಲಾಯಿಸಿ.

ಪ್ರಶ್ನೆ: ಒಂದು ಅಂಗಡೀಲಿ ಎಚ್ ರೇಟಿಂಗ್ ಟೈರ್ ಟಿ ರೇಟಿಗೇ ಕೊಡ್ತೀವಿ ಅಂತಿದಾರೆ, ಹಳೇ ಸ್ಟಾಕ್ ಅಂತೆ, ಆದ್ರೆ ಓಡ್ಸಿಲ್ಲ. ಇನ್ನೊಂದು ಕಡೆ ಸೆಕೆಂಡ್ ಹ್ಯಾಂಡ್ ಟೈರ್ ಅರ್ಧ ರೇಟಿಗೆ, ಬಟನ್ ತುಂಬಾ ಚೆನ್ನಾಗಿದೆ. ಯಾವ್ದು ವಾಸಿ? (ಕಲಬುರಗಿಯ ಓದುಗರು)

ಉತ್ತರ: ಟೈರಿನ ಸೈಡಲ್ಲಿ ಡಾಟ್ ಅಂತ ಇಂಗ್ಲಿಷಲ್ಲಿ ಬರೆದಿರೋ ಸಾಲು ಹುಡುಕಿ, ಕೊನೇಲಿ ನಾಲ್ಕು ಅಂಕಿ ಇರತ್ತೆ. 3522 ಅಂದ್ರೆ 2022ರ 35ನೇ ವಾರ ತಯಾರಾಗಿದ್ದು. ಒಂದು ಕಡೆ ಕಾಣಿಸ್ಲಿಲ್ಲ ಅಂದ್ರೆ ಇನ್ನೊಂದು ಕಡೆ ಇರತ್ತೆ, ತಿರುಗಿಸಿ ತೋರ್ಸಿ ಅಂತ ಕೇಳೋಕೆ ಸಂಕೋಚ ಬೇಡ. ಒಳಗಡೆ ನೆರಳಲ್ಲಿ ನೆಟ್ಟಗೆ ಇಟ್ಟಿದ್ದ ಒಂದು ಒಂದೂವರೆ ವರ್ಷದ ಸ್ಟಾಕ್ ಆದ್ರೆ ಚಿಂತೆ ಇಲ್ಲ, ರೇಟ್ ಇಳಿಸಿ ತಗೊಳ್ಳಿ. ಮೂರು ನಾಲ್ಕು ವರ್ಷದ್ದು ಬಿಟ್ಬಿಡಿ. ರಬ್ಬರ್ ಓಡ್ದೇ ಇದ್ರೂ ಗಾಳಿಗೆ ಬಿಸಿಗೆ ಗಡುಸಾಗ್ತಾ ಹೋಗತ್ತೆ, ನಿಮ್ಮೂರಲ್ಲಿ ಬೇಸಿಗೇಲಿ 40 ಡಿಗ್ರಿ ದಾಟೋದು ಮಾಮೂಲು, ಶೀಟ್ ಹಾಕಿರೋ ಗೋಡೌನ್ ಒಳಗೆ ಇನ್ನೂ ಜಾಸ್ತಿ. ವಯಸ್ಸಾದ ಎಚ್‌ಗಿಂತ, ನಿಮ್ಮ ಮ್ಯಾನ್ಯುಯಲ್ ಒಪ್ಪೋದಾದ್ರೆ, ಹೊಸಾ ಟಿ ಎಷ್ಟೋ ಮೇಲು.

ಸೆಕೆಂಡ್ ಹ್ಯಾಂಡ್ ಟೈರ್ ಬೇಡ ಅಂತ ಖಡಾಖಂಡಿತವಾಗಿ ಹೇಳ್ತೀನಿ. ಬಟನ್ ಚೆನ್ನಾಗಿ ಕಾಣತ್ತೆ ಅಂದ್ರೆ ಸವೆದ ಟೈರಿಗೆ ಬಿಸಿ ಬ್ಲೇಡಲ್ಲಿ ಗೆರೆ ಕೊರೆದಿರೋ ಸಾಧ್ಯತೆ ಇದೆ, ಹಾಗೆ ಕೊರೆದ್ರೆ ಒಳಗಿನ ಸ್ಟೀಲ್ ಬೆಲ್ಟ್ ಮೇಲೆ ರಬ್ಬರ್ರೇ ಉಳಿದಿರಲ್ಲ. ಗೆರೆ ಒಳಗಿನ 1.6 ಮಿಮೀ ಉಬ್ಬು ಕಾಣಿಸ್ತಿಲ್ಲ ಅಂದ್ರೆ ಅಲ್ಲೇ ವಾಪಸ್ ಕೊಡಿ. ಅದು ಹಿಂದೆ ಎಲ್ಲಿ ಗುಂಡಿಗೆ ಬಿದ್ದಿತ್ತು, ಎಷ್ಟು ದಿನ ಗಾಳಿ ಇಲ್ದೆ ಓಡಿತ್ತು ಅಂತ ಯಾರೂ ಹೇಳಲ್ಲ, ಅಕ್ಷರ ಮಾತ್ರ ಸೈಡಲ್ಲಿ ಹಾಗೇ ಕೂತಿರತ್ತೆ.

ಪ್ರಶ್ನೆ: ಅಪ್ಪನ ಪ್ರೀಮಿಯರ್ ಪದ್ಮಿನಿ ರೆಡಿ ಮಾಡಿಸ್ತಿದೀನಿ. ಟೈರ್ ಮೇಲೆ 5.20-14 ಅಂತ ಇದೆ, ಅಕ್ಷರಾನೇ ಕಾಣಿಸ್ತಿಲ್ಲ. (ದಾವಣಗೆರೆಯ ಓದುಗರು)

ಉತ್ತರ: ಅದು ಹಳೇ ಕಾಲದ ಬಯಾಸ್ ಟೈರಿನ (ಒಳಗಿನ ದಾರದ ಪದರ ಓರೆಯಾಗಿ ಹೆಣೆದಿರೋದು) ಸೈಜ್, ರೇಡಿಯಲ್ (ದಾರ ಅಡ್ಡಕ್ಕೆ ನೇರ ಇರೋ ಈಗಿನ ಟೈರ್) ಅಲ್ಲ. ಅದೇ ಥರದ್ದು ಸಿಕ್ರೆ ಐದೂ ಅದೇ ಹಾಕಿ, ರೇಡಿಯಲ್‌ಗೆ ಹೋಗೋದಾದ್ರೆ ಐದೂ ರೇಡಿಯಲ್ಲೇ ಇರ್ಲಿ, ಬೆರೆಸ್ಬೇಡಿ, ಎರಡೂ ತಿರುವಲ್ಲಿ ಬೇರೆ ಬೇರೆ ಥರ ಹಿಡಿತ ಕೊಡ್ತವೆ. ಡಿಸ್ಕ್ (ಟೈರ್ ಕೂರೋ ಕಬ್ಬಿಣದ ಚಕ್ರ) ತುಕ್ಕು ಹಿಡ್ದಿದ್ರೆ ಕೆರೆದು ಪೇಂಟ್ ಮಾಡ್ಸಿ, ಅದು ಟ್ಯೂಬ್ ಕಾಲದ ಡಿಸ್ಕ್, ಟ್ಯೂಬ್‌ಲೆಸ್ ಆಗಿ ಓಡಿಸೋ ಆಸೆ ಬೇಡ, ಸರಿಯಾದ ಸೈಜಿನ ಹೊಸಾ ಟ್ಯೂಬ್ ಹಾಕ್ಸಿ. ಆ ಗಾಡಿ ಓಡೋ ಸ್ಪೀಡಿಗೆ ಎಸ್ ಅಥವಾ ಟಿ ಧಾರಾಳ ಆಯ್ತು. ಅಪ್ಪನ ಗಾಡಿ ಉಳಿಸ್ಕೋತಿದೀರಲ್ಲ, ತುಂಬಾ ಸಂತೋಷ ಆಯ್ತು ಓದಿ.

ಪ್ರಶ್ನೆ: ನಾಲ್ಕು ಹೊಸದು ಹಾಕ್ಸಿದೆ. ಸ್ಟೆಪ್ನಿ ಗಾಡಿ ಜೊತೆ ಬಂದಿದ್ದೇ, ಹದಿನೈದು ವರ್ಷದ್ದು, ಒಂದ್ಸಲಾನೂ ಇಳಿಸಿಲ್ಲ, ಬಟನ್ ಫುಲ್ ಇದೆ. ಅದನ್ನೂ ಬದಲಾಯಿಸ್ಬೇಕಾ? (ಪುತ್ತೂರಿನ ಓದುಗರು)

ಉತ್ತರ: ಹೌದು, ಬದಲಾಯಿಸಿ. ಹತ್ತು ವರ್ಷ ಆದ್ಮೇಲೆ ಓಡಿರ್ಲಿ ಬಿಡ್ಲಿ ಟೈರ್ ತೆಗೀಬೇಕು ಅಂತ ಟೈರ್ ಕಂಪನಿಯವ್ರೇ ಹೇಳ್ತಾರೆ, ಐದು ದಾಟಿದ್ಮೇಲೆ ವರ್ಷಕ್ಕೊಂದ್ಸಲ ತೋರಿಸ್ಬೇಕು ಅಂತಾರೆ. ಶಿರಾಡಿ ಘಾಟಿ ಮಧ್ಯದಲ್ಲಿ ಪಂಚರ್ ಆಗಿ ಆ ಸ್ಟೆಪ್ನಿ ಹಾಕ್ಕೊಂಡ್ರೆ ಅದ್ರ ಮೇಲೇನೇ ಸಕಲೇಶಪುರ ತನಕ ಹತ್ತಬೇಕು. ಹಳೇ ನಾಲ್ಕರಲ್ಲಿ ಐದು ವರ್ಷದೊಳಗಿನದ್ದು, ಸೈಡ್ ಊದಿಲ್ದೆ ಇರೋದು ಒಂದು ಇದ್ರೆ ಅದನ್ನೇ ಸ್ಟೆಪ್ನಿ ಮಾಡ್ಕೊಳ್ಳಿ, ದುಡ್ಡು ಉಳಿಯತ್ತೆ. ಗಾಳಿ ಹಿಡಿಸುವಾಗ ಅದಕ್ಕೂ ಹಿಡಿಸಿ, ಎರಡು ಮೂರು ಪಿಎಸ್ಐ ಜಾಸ್ತಿನೇ ಇರ್ಲಿ, ಬೇಕಾದಾಗ ಇಳಿಸ್ಬಹುದು, ಏರಿಸೋಕೆ ಘಾಟಿಲಿ ಪಂಪ್ ಎಲ್ಲಿಂದ ತರ್ತೀರಿ.